ಒಮ್ಮೆ ಬಂದು ಕೇಳಿ

ಆ ಹುಡುಗಿ ಬರೆದದ್ದರಿಂದ ರೇಷ್ಮೆ ಹುಳು ಸತ್ತವು ಎಂದು ಊರಿನವರು ಹೇಳುತ್ತಾರೆ. ಅವಳು ಬರೆದದ್ದನ್ನು ಓದಿ ಜನ ಹೋದದ್ದರಿಂದ ಸತ್ತವು ಎಂದು ನಮ್ಮ ಸ್ಟಾಫ್‌ರೂಮಿನವರು ಹೇಳುತ್ತಾರೆ. ಮೊದಲನೆಯದು ಮೂಢನಂಬಿಕೆ, ಎರಡನೆಯದು ವಿಜ್ಞಾನ ಎಂದು ನಡುವೆ ಗೆರೆ ಎಳೆದು ನಾನು ಸುಮ್ಮನಾಗಬಹುದಿತ್ತು. ಆದರೆ ಗಮನಿಸಿ: ಎರಡೂ ಕಥೆಗಳು ಒಂದೇ ಜಾಗದಿಂದ ಹೊರಡುತ್ತವೆ, ಹೋಗಿ ನಿಲ್ಲುವುದೂ ಒಂದೇ ಹುಡುಗಿಯ ಮುಂದೆ. ಅವಳಿಗೆ ಹದಿನಾಲ್ಕು ವರ್ಷ.

ನಾನು ಕಾಲೇಜಿನ ದಿನಗಳಿಂದ ಚರ್ಚಾಸ್ಪರ್ಧೆಯವಳು. ಚೀಟಿ ಎತ್ತಿದಾಗ ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ. ಯಾವುದು ಬಂದರೂ ಗಂಟೆ ಹೊಡೆಯುವುದರೊಳಗೆ ಎದುರಿನವರ ಬಾಯಿ ಮುಚ್ಚಿಸಬೇಕು. ಈ ವಿಷಯದಲ್ಲಿ ಮಾತ್ರ ನನ್ನೊಳಗೇ ಇಬ್ಬರು ಎದ್ದು ನಿಂತಿದ್ದಾರೆ, ಗಂಟೆ ಹೊಡೆಯುವವರು ಯಾರೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದರೆ ಇಬ್ಬರಲ್ಲಿ ಒಬ್ಬರಾದರೂ ಕೂತಾರೇನೋ ಎಂದು ನೋಡುತ್ತಿದ್ದೇನೆ.

ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆ. ಎರಡೂ ಪಕ್ಕದಲ್ಲಿ ಮಗ್ಗದ ಮನೆಗಳು. ಕರೆಂಟು ಹೋದಾಗ ಮಾತ್ರ ನಮ್ಮ ಬೀದಿಯಲ್ಲಿ ಮೆಲ್ಲಗೆ ಮಾತಾಡಲು ಸಾಧ್ಯ. ನನ್ನ ಗಂಟಲು ಜೋರಾದದ್ದೇ ಹಾಗೆ ಎಂದು ಅಮ್ಮ ಹೇಳುತ್ತಾಳೆ. ರೇಷ್ಮೆ ಸೀರೆ ನೇಯುವ ಸದ್ದಿನಲ್ಲಿ ಬೆಳೆದೆನೇ ಹೊರತು ರೇಷ್ಮೆ ಹುಳುವನ್ನು ಕಣ್ಣಾರೆ ಕಂಡವಳಲ್ಲ. ಹೋದ ವರ್ಷ ಸಾಸಲಿನಿಂದಾಚೆ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿಗೆ ಕನ್ನಡದ ಅತಿಥಿ ಶಿಕ್ಷಕಿಯಾಗಿ ಸೇರಿದೆ. ನಮ್ಮೂರಿನಿಂದಲೇ ಅಲ್ಲಿಗೆ ಹೋಗಿಬರುವ ಸಮಾಜವಿಜ್ಞಾನದ ಮೇಷ್ಟ್ರೊಬ್ಬರು ಬಸ್ಸಿನಲ್ಲಿ ಜೊತೆ ಸಿಕ್ಕರು. ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ರೇಷ್ಮೆ ನೂಲಿನ ವ್ಯಾಪಾರ. ಫೋನಿನಲ್ಲಿ ಅಣ್ಣನ ಜೊತೆ ದಖ್ನಿ ಉರ್ದುವಿನಲ್ಲಿ ಜಗಳವಾಡಿ, ಫೋನಿಟ್ಟ ಮೇಲೆ ನನ್ನ ಜೊತೆ ಕನ್ನಡದಲ್ಲಿ ಅದನ್ನೇ ಮುಂದುವರಿಸುವವರು. ದಿನಾ ಬಸ್ಸು ಹತ್ತಿದ ಕೂಡಲೇ ಒಂದೇ ಪ್ರಶ್ನೆ:

“ಏನ್ ಮೇಡಂ, ಇವತ್ತು ಯಾರನ್ನ ಸೋಲಿಸೋ ಪ್ರೋಗ್ರಾಮು?”

ಸೋಲಿಸಬೇಕಾಗಿದ್ದದ್ದು ಒಂಬತ್ತನೇ ತರಗತಿಯ ಪ್ರಬಂಧಗಳನ್ನು. ‘ನಿಮಗೆ ಗೊತ್ತಿರುವ ಒಂದು ವಿಷಯದ ಬಗ್ಗೆ ಮಾಹಿತಿ ಬರಹ ಬರೆಯಿರಿ’ ಎಂದರೆ ಇಡೀ ತರಗತಿ ‘ನೀರು ಜೀವಜಲ, ನೀರಿಲ್ಲದೆ ಬದುಕಿಲ್ಲ’ ಎಂದು ಶುರುಮಾಡಿತ್ತು. ಕೊಳವೆಬಾವಿ ಕೊರೆಯುವ ಲಾರಿಯ ಹಿಂದೆ ಓಡುತ್ತಾ ಬೆಳೆದ ಮಕ್ಕಳು. ಯಾವ ಆಳದಲ್ಲಿ ಯಾವ ಬಣ್ಣದ ಕಲ್ಲಿನ ಪುಡಿ ಬರುತ್ತದೆಂದು ಊಟದ ಬಿಡುವಿನಲ್ಲಿ ಪಂದ್ಯ ಕಟ್ಟುವವರು. ಕಾಗದದ ಮುಂದೆ ಕೂತರೆ ‘ಜೀವಜಲ’. ಮಕ್ಕಳಿಗೆ ಓದುವ ಅಭ್ಯಾಸ ಇಲ್ಲ, ಮೊಬೈಲು ಹಾಳುಮಾಡಿದೆ ಎಂದು ಉಳಿದ ಶಿಕ್ಷಕರು ಹೇಳುತ್ತಿದ್ದರು. ಅದನ್ನೂ ನಾನು ಒಪ್ಪಲಿಲ್ಲ. ಕೇಳುವವರೇ ಇಲ್ಲವೆಂದು ಗೊತ್ತಿದ್ದರೆ ಯಾರು ತಾನೇ ನೆಟ್ಟಗೆ ಮಾತಾಡುತ್ತಾರೆ? ಮೇಷ್ಟ್ರು ಓದಿ ಅಂಕ ಹಾಕುತ್ತಾರೆ ಎನ್ನುವುದು ಕೇಳಿದ ಹಾಗಲ್ಲ.

ಹಾಗಾಗಿ ಒಂದು ಆಟ ತಂದೆ. ಬರೆದವರು ಎದ್ದು ಗಟ್ಟಿಯಾಗಿ ಓದಬೇಕು. ಕೇಳುವವರಿಗೆ ಬೇಸರವಾದ ತಕ್ಷಣ ಕೈ ಎತ್ತಬೇಕು. ಅರ್ಧ ತರಗತಿ ಕೈ ಎತ್ತಿದರೆ ಆ ಸಾಲು ಹೋಗುತ್ತದೆ.

“ಮಿಸ್, ನಿಮ್ ಪಾಠಕ್ಕೂ ಎತ್ಬೋದಾ?” ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು.

“ಎತ್ತು. ಆದ್ರೆ ಯಾಕೆ ಅಂತ ಎದ್ ನಿಂತು ಹೇಳ್ಬೇಕು.”

“ಬ್ಯಾಡ ಬಿಡಿ ಮಿಸ್, ಪಾಠಾನೇ ವಾಸಿ.”

ಆಟ ಹಿಡಿಸಿತು. ಒಬ್ಬ ‘ಘಾಟಿ ಸುಬ್ರಹ್ಮಣ್ಯವು ಒಂದು ಪ್ರಸಿದ್ಧ ಯಾತ್ರಾಸ್ಥಳವಾಗಿದೆ’ ಎಂದು ಓದಿದ್ದೇ ತಡ ಕೈಗಳು ಎದ್ದವು. “ಲೇ, ಬಸ್ಸೇ ಹತ್ತಿಲ್ಲ ಕಣೋ, ಆಗ್ಲೇ ನಿದ್ದೆ ಬಂತು” ಎಂದು ಪಕ್ಕದವನು. ಓದುತ್ತಿದ್ದವನಿಗೆ ಸಿಟ್ಟು ಬಂತು. ಮಾರನೆಯ ದಿನ ಹೊಸದಾಗಿ ಬರೆದುಕೊಂಡು ಬಂದ: ‘ಘಾಟಿಗೆ ಬರುವ ಭಕ್ತರ ಮುಖವನ್ನು ನನ್ನ ಮಾವ ನೋಡುವುದಿಲ್ಲ. ಕಾಲು ನೋಡುತ್ತಾರೆ. ಅವರದು ಚಪ್ಪಲಿ ಕಾಯುವ ಸ್ಟಾಲು.’ ಒಂದು ಕೈಯೂ ಏಳಲಿಲ್ಲ. ಯಾವ ಊರಿನವರು ಚಪ್ಪಲಿಯನ್ನು ಜೋಡಿಸಿಡುತ್ತಾರೆ, ಯಾರು ಒದ್ದು ಹೋಗುತ್ತಾರೆ, ಬೇರೆಯವರದನ್ನು ಮೆಟ್ಟಿಕೊಂಡು ಹೊರಟವರು ಸಿಕ್ಕಿಬಿದ್ದರೆ ಏನು ಹೇಳುತ್ತಾರೆ, ಎಲ್ಲವೂ ಅದರಲ್ಲಿತ್ತು. ನನಗೆ ಫೈನಲ್‌ನಲ್ಲಿ ಗೆದ್ದಷ್ಟು ಸಂತೋಷವಾಯಿತು.

ಈಗ ಆ ಹುಡುಗಿ. ಎರಡನೇ ಬೆಂಚಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದಳು, ಮೊದಲ ಪೀರಿಯಡ್ಡಿನಲ್ಲಿ ತೂಕಡಿಸುತ್ತಿದ್ದಳು. ಬೆಳಕು ಹರಿಯುವ ಮುಂಚೆ ಹಿಪ್ಪುನೇರಳೆ ತೋಟಕ್ಕೆ ಹೋಗಿ ಸೊಪ್ಪಿನ ರೆಂಬೆ ಕೊಯ್ದು ತಂದು ಹುಳುವಿಗೆ ಹಾಕಿ ಬರುತ್ತಾಳೆಂದು ಆಮೇಲೆ ತಿಳಿಯಿತು. ಆ ಊರಿನಲ್ಲಿ ರೇಷ್ಮೆ ಹುಳು ಸಾಕುವ ಮನೆಗಳು ಮೂರೋ ನಾಲ್ಕೋ ಅಷ್ಟೇ. ಉಳಿದವರದು ರಾಗಿ, ಹಸು, ಇಲ್ಲವೇ ಫ್ಯಾಕ್ಟರಿ ಕೆಲಸ.

ಅವಳ ಮೊದಲ ಕರಡು ‘ರೇಷ್ಮೆಯನ್ನು ಬಟ್ಟೆಗಳ ರಾಣಿ ಎನ್ನುತ್ತಾರೆ’ ಎಂದು ಶುರುವಾಗಿತ್ತು. ಕೈಗಳು ಎದ್ದವು. ಆಮೇಲೆ ನಿಯಮಗಳು ಬಂದವು: ಹುಳುಮನೆಗೆ ಹೊರಗಿನವರನ್ನು ಬಿಡಬಾರದು. ಕೈಕಾಲು ತೊಳೆಯದೆ, ಸುಣ್ಣದ ಪುಡಿ ತುಳಿಯದೆ ಹೊಸಲು ದಾಟಬಾರದು. ಪೌಡರು, ಸೆಂಟು ಹಾಕಿಕೊಂಡು ಹೋಗಬಾರದು. ಒಗ್ಗರಣೆಯ ಹೊಗೆ ತಾಗಬಾರದು. ಹೊರಗಾದ ಹೆಂಗಸರು ಹೋಗಬಾರದು. ಹುಳು ಗೂಡು ಕಟ್ಟುವವರೆಗೆ ‘ಚೆನ್ನಾಗಿವೆ’ ಎಂದು ಬಾಯಿಬಿಟ್ಟು ಹೇಳಬಾರದು.

“ಬಾರದು ಬಾರದು ಅಂತ ಬೋರ್ಡ್ ಬರ್ಸವ್ಳೆ ನೋಡು” ಎಂದ ಒಬ್ಬ. ಇಡೀ ತರಗತಿಯ ಕೈ ಮೇಲಿತ್ತು.

ಆ ನಿಯಮಗಳಲ್ಲಿ ಒಂದರ ಮೇಲೆ ಜಗಳವಾಡಲು ನನ್ನ ಬಾಯಿ ತುರಿಸುತ್ತಿತ್ತು, ಯಾವುದೆಂದು ಹೇಳಬೇಕಾಗಿಲ್ಲ. ಬಾಯಿ ತೆರೆಯುವುದರೊಳಗೆ ಕೈಗಳು ಎದ್ದು ಎಲ್ಲ ಸಾಲುಗಳೂ ಒಟ್ಟಿಗೆ ಬಿದ್ದುಹೋದವು. ಒಳ್ಳೆಯದೇ ಆಯಿತು ಅಂದುಕೊಂಡೆ. ಆದರೆ ಇನ್ನೊಂದು ಮಾತನ್ನೂ ಹೇಳಿದೆ. ಅದು ನನಗೆ ಚೆನ್ನಾಗಿ ನೆನಪಿದೆ.

“ಹೊರಗಿನವರನ್ನ ಬಿಡಬಾರದು ಅನ್ನೋದೊಂದನ್ನ ಇಟ್ಕೊ. ಬೇಡ ಅಂದ್ರೆ ಓದೋರಿಗೆ ಆಸೆ ಜಾಸ್ತಿ ಆಗತ್ತೆ.”

“ಹ್ಞೂ ಮಿಸ್.”

“ಈಗ ನಿಮ್ಮನೇಲಿ ಮಾತ್ರ ಇರೋದು, ನಮ್ಗ್ಯಾರ್ಗೂ ಗೊತ್ತಿಲ್ದಿರೋದು ಒಂದು ಹೇಳು ನೋಡೋಣ.”

ಅವಳು ಡೆಸ್ಕನ್ನು ಉಗುರಿನಿಂದ ಕೆರೆದಳು. ಆಮೇಲೆ, “ಮಳೆ ಸದ್ದು ಮಿಸ್” ಎಂದಳು.

ಹುಳುಮನೆ ಅವಳ ಮನೆಗೆ ಅಂಟಿಕೊಂಡೇ ಇದ್ದರೂ ಅದೇ ಬೀದಿಯ ಗೆಳತಿಯರು ಒಬ್ಬರೂ ಆ ಸದ್ದು ಕೇಳಿರಲಿಲ್ಲ. ಕೇಳಲು ಒಳಗೆ ಬಿಡಬೇಕಲ್ಲ.

ಅವಳು ತಿದ್ದಿ ಬರೆದು, ದುಂಡಗೆ ಚಾರ್ಟಿಗೆ ಇಳಿಸಿದ ಬರಹವನ್ನು ನಾನು ಗೋಡೆಪತ್ರಿಕೆಗೆ ಹಾಕಿದೆ. ಬಿಸಿಯೂಟದ ಅಡುಗೆಮನೆಯ ಹೊರಗೋಡೆ ಅದು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರು ಓದಲೇಬೇಕಾದ ಜಾಗ. ಬರಹ ಹೀಗಿತ್ತು:

‘ನಮ್ಮ ಮನೆಯ ಒಂದು ಕೋಣೆಯಲ್ಲಿ ದಿನಾ ಮಳೆ ಬರುತ್ತದೆ. ನೆಲ ಮಾತ್ರ ಒದ್ದೆಯಾಗುವುದಿಲ್ಲ. ಅದು ನಾಲ್ಕನೇ ಜ್ವರದಿಂದ ಎದ್ದ ಹುಳುಗಳು ಸೊಪ್ಪು ತಿನ್ನುವ ಸದ್ದು. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಊಟ ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂತು, ಹಳೆಯ ಚರ್ಮ ಕಳಚುವುದಕ್ಕೆ ನಾವು ಹಾಗೆ ಹೇಳುತ್ತೇವೆ. ಎದ್ದ ಮೇಲೆ ಅವಕ್ಕೆ ತುಂಬಾ ಹಸಿವು. ರೆಂಬೆ ಹಾಕಿದ ತಕ್ಷಣ ತುಂತುರು ಶುರು. ಆಮೇಲೆ ಜೋರು. ಸೊಪ್ಪು ಮುಗಿಯುತ್ತಾ ಬಂದಂತೆ ಮಳೆ ನಿಲ್ಲುತ್ತದೆ. ಮಳೆ ನಿಂತರೆ ಅಮ್ಮನಿಗೆ ಎಚ್ಚರವಾಗುತ್ತದೆ. ನಮ್ಮ ಮನೆಗೆ ನೆಂಟರು ಬರುವುದು ಎರಡು ಬೆಳೆಗಳ ನಡುವೆ ಮಾತ್ರ. ಆಗ ಕೋಣೆ ಖಾಲಿ. ಆದ್ದರಿಂದ ಈ ಮಳೆಯನ್ನು ಅವರ್ಯಾರೂ ಕೇಳಿಲ್ಲ. ಈ ಸಲ ಹುಳು ತುಂಬಾ ಚೆನ್ನಾಗಿ ಎದ್ದಿವೆ. ಒಮ್ಮೆ ಬಂದು ಕೇಳಿ.’

ಓದಿದೆ. ಎಷ್ಟು ಚೆನ್ನಾಗಿ ಮುಗಿಸಿದ್ದಾಳೆ ಎಂದು ಅವಳ ತಲೆ ಸವರಿದೆ. ಇಟ್ಟುಕೋ ಎಂದು ನಾನು ಹೇಳಿದ್ದ ಸಾಲು ಅಲ್ಲಿ ಇರಲಿಲ್ಲ. ಇಲ್ಲದೆ ಇರುವುದನ್ನು ಓದುವಾಗ ಕಾಣುವುದು ಹೇಗೆ? ಇದ್ದದ್ದು ಅಷ್ಟು ಚೆನ್ನಾಗಿತ್ತು.

ಶುಕ್ರವಾರ ಪ್ರಾರ್ಥನೆಯಲ್ಲಿ ಹೆಡ್‌ಮಾಸ್ಟರು ಅದನ್ನು ತಾವೇ ಓದಿದರು. ಒಳ್ಳೆಯ ಮನುಷ್ಯ. ನಿವೃತ್ತಿ ಹತ್ತಿರ ಬಂದಿತ್ತು. ಮಕ್ಕಳ ಯಾವ ಸಣ್ಣ ಗೆಲುವೂ ಅವರಿಗೆ ಹಬ್ಬ. ಓದಿ ಮುಗಿಸಿ, ಕನ್ನಡಕ ತೆಗೆದು, “ಏನಮ್ಮಾ, ಬರೀ ಓದಿ ಬಿಟ್ಬಿಡೋದಾ ಇದನ್ನ? ಹುಡ್ಗಿ ಕರೀತಾ ಅವ್ಳೆ. ನಾಳೆ ಶನಿವಾರ ಅರ್ಧ ದಿನ. ಹೋಗ್ಬರೋಣ” ಎಂದರು.

ನಾನು ಹುಡುಗಿಯ ಕಡೆ ನೋಡಿದೆ. ಅವಳು ನಗುತ್ತಿದ್ದಳು. ಆ ನಗುವನ್ನು ನಾನು ಆಮೇಲೆ ಎಷ್ಟೋ ಸಲ ನೆನಪಿಸಿಕೊಂಡು ನೋಡಿದ್ದೇನೆ. ಅದರಲ್ಲಿ ಹೆದರಿಕೆ ಇತ್ತೇ? ಪ್ರತಿ ಸಲವೂ ಬೇರೆ ಉತ್ತರ ಬರುತ್ತದೆ.

ಶನಿವಾರ ಇಡೀ ತರಗತಿ, ಹೆಡ್‌ಮಾಸ್ಟರು, ಸಮಾಜವಿಜ್ಞಾನದ ಮೇಷ್ಟ್ರು, ನಾನು, ಎಲ್ಲರೂ ಅವಳ ಮನೆ ಮುಂದೆ ನಿಂತೆವು. ಅಪ್ಪ ಗೊಬ್ಬರ ತರಲು ಹೋಗಿದ್ದರು. ಅಮ್ಮ ಸೆರಗಿಗೆ ಕೈ ಒರೆಸುತ್ತಾ ಹೊರಬಂದವರು ಅಷ್ಟು ಜನರನ್ನು ಕಂಡು ಬಾಗಿಲಿಗೆ ಅಡ್ಡ ನಿಂತರು. ಹೆಡ್‌ಮಾಸ್ಟರು ಕೈಮುಗಿದು, “ನಿಮ್ ಮಗಳು ಬರ್ದಿರೋದ್ನ ಓದಿ ತಡ್ಯಕ್ಕಾಗ್ದೆ ಬಂದ್ವಿ ಕಣಮ್ಮಾ” ಎಂದರು. ಆ ಊರಿನಲ್ಲಿ ಶಾಲೆಯ ಹೆಡ್‌ಮಾಸ್ಟರನ್ನು ಹೊಸಲಿನಾಚೆ ನಿಲ್ಲಿಸಿ ಕಳಿಸಿದವರು ಯಾರೂ ಇಲ್ಲ. ಆಕೆ ಮಗಳನ್ನೊಮ್ಮೆ ನೋಡಿ ಪಕ್ಕಕ್ಕೆ ಸರಿದರು. ಒಳಹೋಗಿ ಸುಣ್ಣದ ಪುಡಿ ತಂದು ಹೊಸಲಿನ ಮುಂದೆ ದಪ್ಪಗೆ ಸುರಿದರು. ನಾವು ಚಪ್ಪಲಿ ಬಿಟ್ಟು, ಅದನ್ನು ತುಳಿದು, ಒಬ್ಬರ ಹಿಂದೆ ಒಬ್ಬರು ಒಳಗೆ ಹೋದೆವು. ಚಪ್ಪಲಿಯ ಬಗ್ಗೆ ಬರೆದಿದ್ದ ಹುಡುಗ ಎಲ್ಲರ ಚಪ್ಪಲಿಯನ್ನೂ ಜೋಡಿಸಿದ.

ಕೋಣೆಯ ತುಂಬ ಅಂತಸ್ತು ಅಂತಸ್ತಾಗಿ ಸ್ಟ್ಯಾಂಡು, ಅದರ ಮೇಲೆ ಹಸಿರು ರೆಂಬೆ, ರೆಂಬೆಯ ಮೇಲೆಲ್ಲ ಬಿಳಿ ಹುಳು. ಅಮ್ಮ ಹೊಸ ರೆಂಬೆ ಹರಡಿದರು. ಯಾರೂ ಹೇಳದೆಯೇ ಎಲ್ಲರೂ ಸುಮ್ಮನಾದರು. ನನ್ನ ತರಗತಿ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ತುಂತುರು ಶುರುವಾಯಿತು. ಹೆಂಚಿನ ಮೇಲೆ ಬೀಳುವ ಹಾಗಲ್ಲ, ಒಣಗಿದ ಎಲೆಯ ಮೇಲೆ ಬೀಳುವ ಹಾಗೆ. ಹುಡುಗಿ ಸ್ಟ್ಯಾಂಡಿನ ಪಕ್ಕ ನಿಂತು ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಯಾರೂ ಕೈ ಎತ್ತಿರಲಿಲ್ಲ.

ಹೆಡ್‌ಮಾಸ್ಟರು ಮೆಲ್ಲಗೆ ಕೇಳಿದರು: “ಹುಳ ಹೆಂಗಿದಾವಮ್ಮಾ ಈ ಸಲ?”

“ಏನೋ… ಇದಾವೆ ಸಾ.”

“ಏನೋ ಏನು ಬಂತು! ಭರ್ಜರಿಯಾಗಿದಾವಲ್ಲಮ್ಮ!”

ಆಕೆ ಬಾಗಿ ರೆಂಬೆ ಸರಿಮಾಡಿದರು. ಹೋಗುವಾಗ ಎಲ್ಲರಿಗೂ ಮಜ್ಜಿಗೆ ಕೊಟ್ಟರು. ನನಗೆ ಕೊಡುವಾಗ ಲೋಟ ಸ್ವಲ್ಪ ಚೆಲ್ಲಿತು, ಅಷ್ಟೇ.

ಮುಂದಿನ ವಾರದ ನಡುವೆ ಹುಡುಗಿ ಶಾಲೆಗೆ ಬರುವುದು ನಿಂತಿತು. ಸಮಾಜವಿಜ್ಞಾನದ ಮೇಷ್ಟ್ರು ಬಸ್ಸಿನಲ್ಲಿ ಸುದ್ದಿ ಹೇಳಿದರು. ಅಂದು ಯಾರನ್ನು ಸೋಲಿಸುವ ಪ್ರೋಗ್ರಾಮು ಎಂದು ಕೇಳಲಿಲ್ಲ. ಹುಳುವಿಗೆ ಹಾಲುತೊಂಡೆ ಬಂದಿತ್ತು. ಹುಳು ಊದಿಕೊಂಡು, ಸೊಪ್ಪು ಬಿಟ್ಟು ಅಂಚಿಗೆ ಹರಿದು, ಚರ್ಮ ಒಡೆದು ಹಾಲಿನಂಥ ನೀರು ಸುರಿಸಿ ಸಾಯುವ ರೋಗ. ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಇನ್ನೇನು ಗೂಡು ಕಟ್ಟಬೇಕಾಗಿದ್ದ ಹುಳುವನ್ನು ಬುಟ್ಟಿಗಟ್ಟಲೆ ಗುಂಡಿಗೆ ಹಾಕಿ ಸುಣ್ಣ ಸುರಿದು ಮುಚ್ಚಿದ್ದರು.

“ಅಷ್ಟು ಜನ ನುಗ್ಗಿದ್ವಲ್ಲ ಮೇಡಂ,” ಎಂದರು ಅವರು. “ಕಾಲಲ್ಲೋ ಕೈಯಲ್ಲೋ ಏನ್ ಹೊತ್ಕೊಂಡು ಹೋದ್ವೋ. ನಮ್ ಅಣ್ಣ ಬೈದ, ಗೊತ್ತಿದ್ದೂ ಹೋದ್ಯಾ ಅಂತ.”

“ಗೊತ್ತಿದ್ದೂ ಯಾಕ್ ಹೋದ್ರಿ ಸಾರ್?”

“ನೀವ್ ಯಾಕ್ ಹೋದ್ರಿ?”

“ನಂಗೆ ಗೊತ್ತಿರ್ಲಿಲ್ಲ.”

“ಕ್ಲಾಸಲ್ಲಿ ಓದಿದ್ಲಂತಲ್ಲ, ಬಾರದು ಬಾರದು ಅಂತ?”

ನಾನು ಕಿಟಕಿಯ ಕಡೆ ತಿರುಗಿದೆ. ಅದು ನಿಜ. ಓದಿದ್ದಳು. ನಾವು ಕೇಳಿದ್ದೆವು, ಬೇಸರದಿಂದ.

ಊರಿನ ಮಾತು ಬೇರೆ ಇತ್ತು. ಅವರು ಕಾಲಿನ ಸುದ್ದಿಗೇ ಹೋಗಲಿಲ್ಲ. ಹುಡುಗಿ ‘ಚೆನ್ನಾಗಿವೆ’ ಎಂದು ಬರೆದು ಊರಿಗೆಲ್ಲ ಸಾರಿದಳು, ಅವಳ ಬಾಯಿ ತಾಗಿತು. ಭರ್ಜರಿಯಾಗಿವೆ ಎಂದು ಹುಳುವಿನ ಎದುರೇ ಹೇಳಿದವರು ಹೆಡ್‌ಮಾಸ್ಟರು, ಅವರ ಬಾಯಿ ತಾಗಲಿಲ್ಲವಂತೆ. ದೊಡ್ಡವರ ಬಾಯಿ ತಾಗುವುದಿಲ್ಲವೇ ಎಂದು ಬಿಸಿಯೂಟದ ಅಡುಗೆಯ ಅಕ್ಕನನ್ನು ಕೇಳಿದೆ. “ಅವ್ರು ಹೊರಗಿನೋರಲ್ವಾ ಮಿಸ್, ಅವ್ರಿಗೇನ್ ಗೊತ್ತು? ಮನೆ ಮಗಳು ಆಡಿದ್ದು ಬೇರೆ” ಎಂದರು. ಇದನ್ನು ಖಂಡಿಸಲು ನನಗೆ ಒಂದು ನಿಮಿಷವೂ ಬೇಕಾಗಿರಲಿಲ್ಲ. ಆದರೆ ಎದುರು ಯಾರೂ ಇರಲಿಲ್ಲ. ಅಕ್ಕ ಆಗಲೇ ಸಾಂಬಾರಿನ ಕಡೆ ತಿರುಗಿದ್ದರು.

ಹುಡುಗಿ ಮತ್ತೆ ಬಂದಾಗ ಅವಳ ಗೆಳತಿಯರಿಂದ ಒಂದು ವಿಷಯ ತಿಳಿಯಿತು. ಇನ್ನು ಮುಂದೆ ಹುಳುಮನೆಯ ಹೊಸಲು ತುಳಿಯಕೂಡದೆಂದು ಅಮ್ಮ ಅವಳಿಗೆ ಹೇಳಿಬಿಟ್ಟಿದ್ದರು. ಸೊಪ್ಪನ್ನೂ ಮುಟ್ಟುವಂತಿಲ್ಲ. ಆ ಮನೆಯಲ್ಲಿ ಹುಳುವಿನ ಕೆಲಸವೇ ಎಲ್ಲ. ಮಾತೂ ಅದೇ, ಊಟದ ಹೊತ್ತೂ ಅದರ ಲೆಕ್ಕದ್ದೇ. ಅದರಿಂದ ಹೊರಗಿಟ್ಟರೆ ಅವಳು ಮನೆಯೊಳಗಿದ್ದೂ ಹೊರಗಿನವಳು. ಕೆಟ್ಟ ಬಾಯಿಯವಳು ಎನ್ನುವ ಮಾತು ಒಂದು ಸಲ ಅಂಟಿದರೆ ಮದುವೆಯಾಗಿ ಹೋದ ಮೇಲೂ ಬಿಡುವುದಿಲ್ಲವೆಂದು ಅಡುಗೆಯ ಅಕ್ಕ ಬೇರೆ ಹೇಳಿದರು.

ಇದು ನನ್ನ ಕಣ ಎಂದುಕೊಂಡೆ. ಅವಳ ಮೇಲಿನ ಆರೋಪವನ್ನು ತೆಗೆಸಬೇಕು. ಸಾಕ್ಷಿ ಹುಡುಕಲು ಹೊರಟೆ.

ಎರಡನೇ ಜ್ವರ ಎದ್ದ ಎಳೆಯ ಹುಳುವನ್ನು ತಂದು ಸಾಕುವುದು ಅಲ್ಲಿನ ಪದ್ಧತಿ. ಮೊಟ್ಟೆ ಒಡೆಸಿ ಎಳೆ ಹುಳು ಬೆಳೆಸಿ ಮಾರುವ ಒಂದೇ ಚಾಕಿ ಕೇಂದ್ರದಿಂದ, ಒಂದೇ ದಿನ, ಊರಿನ ಇನ್ನೆರಡು ಮನೆಗಳಿಗೂ ಹುಳು ಬಂದಿದ್ದವು. ವಿಚಾರಿಸಿದೆ. ಕೆರೆಯ ಕಡೆಯ ಮನೆಯಲ್ಲೂ ಹುಳು ಸತ್ತಿದ್ದವು. ಅಲ್ಲಿಗೆ ಯಾರೂ ಹೋಗಿರಲಿಲ್ಲ, ಅವರ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ. ಗೆದ್ದೆ ಅನ್ನಿಸಿತು. ಆದರೆ ಮೂರನೆಯ ಮನೆಯಲ್ಲಿ ಗೂಡು ಚೆನ್ನಾಗಿಯೇ ಆಗಿತ್ತು. ಅವರು ಬಾಗಿಲು ಅರ್ಧ ತೆರೆದು ಮಾತಾಡಿದರು, ‘ಚೆನ್ನಾಗಾಯ್ತು’ ಎಂದು ಮಾತ್ರ ಹೇಳಲಿಲ್ಲ. ಆ ವಾರ ಸೆಕೆಯೂ ವಿಪರೀತವಿತ್ತು. ಸೊಪ್ಪು ಸರಿಯಿರಲಿಲ್ಲ ಎಂದವರೂ ಇದ್ದರು. ಕೇಂದ್ರದವರು ತಮ್ಮ ಹುಳು ಸರಿಯಾಗಿಯೇ ಇದ್ದವು ಎಂದರು. ಕೇಳಿದಷ್ಟೂ ಕಾರಣಗಳು ಹೆಚ್ಚಿದವು, ಒಂದೂ ಒಂಟಿಯಾಗಿ ನಿಲ್ಲಲಿಲ್ಲ. ಸ್ಪರ್ಧೆಯಲ್ಲಿ ನಾವು ನಮಗೆ ಬೇಕಾದ ಎರಡನ್ನು ಎತ್ತಿಕೊಂಡು ಉಳಿದದ್ದನ್ನು ಎದುರಾಳಿಗೆ ಬಿಡುತ್ತೇವೆ. ಇಲ್ಲಿ ಎದುರಾಳಿಯೂ ನಾನೇ.

ಆದರೂ ಹೋದೆ. ಹುಡುಗಿಯ ಅಮ್ಮ ಅಂಗಳದಲ್ಲಿ ಸ್ಟ್ಯಾಂಡುಗಳನ್ನು ಬ್ಲೀಚಿಂಗ್ ಪೌಡರಿನ ನೀರಿನಿಂದ ಉಜ್ಜುತ್ತಿದ್ದರು. ಹುಡುಗಿ ಜಗುಲಿಯಲ್ಲಿ ಪುಸ್ತಕ ಹಿಡಿದು ಕೂತಿದ್ದವಳು ಎದ್ದು ನಿಂತಳು.

“ಬನ್ನಿ ಟೀಚರಮ್ಮ,” ಎಂದರು ಅಮ್ಮ. “ಈಗ ಎಲ್ಲಿಗ್ ಬೇಕಾದ್ರೂ ಬನ್ನಿ. ಒಳಗೇನೂ ಇಲ್ಲ.”

ವ್ಯಂಗ್ಯವೋ ಸುಮ್ಮನೆ ಹೇಳಿದ್ದೋ ತಿಳಿಯಲಿಲ್ಲ. ಕೂತೆ. ನನ್ನ ವಾದವನ್ನು ಒಪ್ಪವಾಗಿ ಇಟ್ಟೆ. ಕೆರೆಯ ಕಡೆಯ ಮನೆ, ಸೆಕೆ, ಚಾಕಿ ಹುಳು. ಬಾಯಿಂದ, ಅಕ್ಷರದಿಂದ ಹುಳು ಸಾಯುವುದಿಲ್ಲ ಎಂದೆ.

“ಸಾಯಲ್ಲ,” ಎಂದರು ಆಕೆ, ಉಜ್ಜುವುದನ್ನು ನಿಲ್ಲಿಸದೆ.

“ಅಂದ್ರೆ ಒಪ್ಕೊಂಡ್ರಾ?”

“ಒಪ್ಕೊಂಡೆ ಕಣಮ್ಮ. ಎಸೆಲ್ಸಿ ಓದಿದೀನಿ ನಾನೂವೆ. ರೋಗ ಬಂದು ಸತ್ವು.”

“ಮತ್ತೆ ಅವಳ್ದೇನ್ ತಪ್ಪು?”

“ತಪ್ಪು ಅಂತ ನಾನೆಲ್ಲಿ ಅಂದೆ?”

“ಹಾಗಾದ್ರೆ ಅವಳನ್ನ ಒಳಗ್ ಬಿಡಿ.”

“ಅದು ಬ್ಯಾರೆ ಮಾತು.”

“ಹೇಗ್ ಬೇರೆ ಆಗತ್ತಮ್ಮಾ? ತಪ್ಪಿಲ್ಲ ಅಂದ್ಮೇಲೆ…”

ಆಕೆ ಬ್ರಷ್ಷನ್ನು ಬಕೆಟ್ಟಿಗೆ ಹಾಕಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. “ಟೀಚರಮ್ಮ, ನೀವು ಹೇಳೋದೆಲ್ಲ ಸರಿ. ಮುಂದಿನ್ ಸಲ ಹುಳ ಎದ್ದಾಗ ಇವ್ಳು ನನ್ ಪಕ್ಕ ನಿಂತಿದ್ರೆ ನನ್ ಕೈ ನಡುಗ್ತದೆ. ಅದಕ್ಕೇನಾರ ಹೇಳ್ಕೊಡ್ತೀರಾ?”

ಎದುರಿನವರು ಎಲ್ಲವನ್ನೂ ಒಪ್ಪಿಕೊಂಡು ಒಂದಿಂಚೂ ಅಲ್ಲಾಡದಿದ್ದರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಗೆದ್ದಿದ್ದೆ. ಏನೂ ಆಗಿರಲಿಲ್ಲ. ಆಕೆ ಒಳಗಿನಿಂದ ಲೋಟದಲ್ಲಿ ಕಾಫಿ ತಂದುಕೊಟ್ಟರು. ಹುಳು ಇಲ್ಲದ ಮನೆಯಲ್ಲಿ ಒಗ್ಗರಣೆಯ ವಾಸನೆ ಧಾರಾಳವಾಗಿ ಓಡಾಡುತ್ತಿತ್ತು. ಎರಡು ಬೆಳೆಗಳ ನಡುವೆ ಬರುವ ನೆಂಟರಲ್ಲಿ ನಾನೂ ಒಬ್ಬಳಾಗಿದ್ದೆ.

ಹೊರಟಾಗ ಹುಡುಗಿ ಬಸ್‌ಸ್ಟಾಪಿನವರೆಗೆ ಬರುತ್ತೇನೆಂದಳು. ತೋಟದ ಪಕ್ಕ ನಡೆದೆವು. ಕೊಯ್ದ ಹಿಪ್ಪುನೇರಳೆಯ ಮೋಟುಗಳಲ್ಲಿ ಹೊಸ ಚಿಗುರು ಬಂದಿತ್ತು.

“ಬೇಜಾರ್ ಮಾಡ್ಕೋಬೇಡ,” ಎಂದೆ. “ನಾನು ಮತ್ತೆ ಬಂದು ಮಾತಾಡ್ತೀನಿ. ಒಪ್ಪಿಸ್ತೀನಿ.”

“ಬ್ಯಾಡಿ ಮಿಸ್.”

“ಯಾಕೆ?”

ಅವಳು ಒಂದು ಚಿಗುರು ಕೀಳಲು ಕೈ ಚಾಚಿ, ನೆನಪಾಗಿ ಹಿಂದಕ್ಕೆ ತೆಗೆದುಕೊಂಡಳು. “ಈಗ ಬೆಳಗ್ಗೆ ಸೊಪ್ಪಿಗೆ ಹೋಗಂಗಿಲ್ಲ. ಎದ್ದು ಓದ್ಕೊತೀನಿ. ಹೋದ್ ವಾರ ಗಣಿತದ ಟೆಸ್ಟಲ್ಲಿ ನಾನೇ ಫಸ್ಟು, ನೋಡಿದ್ರಾ? ಹುಳ ಹಣ್ಣಾಗಿ ಗೂಡು ಕಟ್ಟೋ ಟೈಮಲ್ಲಿ ಇನ್ಮೇಲೆ ರಜಾನೂ ಹಾಕ್ಬೇಕಾಗಿಲ್ಲ.”

ನಾನು ನಿಂತೆ. ಮೊದಲ ಪೀರಿಯಡ್ಡಿನಲ್ಲಿ ಅವಳು ತೂಕಡಿಸುವುದು ನಿಂತಿತ್ತು. ಅದನ್ನು ಕಂಡಿದ್ದೆ. ದುಃಖದಿಂದ ಎಚ್ಚರವಾಗಿದ್ದಾಳೆ ಎಂದುಕೊಂಡಿದ್ದೆ.

“ಅಂದ್ರೆ ನಿಂಗೆ ಇದೇ ಚೆನ್ನಾಗಿದ್ಯಾ?”

“ಚೆನ್ನಾಗಿದೆ ಅಂತ ಹೇ…” ಎಂದವಳು ನಿಲ್ಲಿಸಿ ನಕ್ಕುಬಿಟ್ಟಳು. “ಏನೋ, ಇದೆ ಮಿಸ್.”

ಇನ್ನೂ ಸ್ವಲ್ಪ ದೂರ ನಡೆದ ಮೇಲೆ ಬೇರೆಯದೇ ದನಿಯಲ್ಲಿ ಹೇಳಿದಳು: “ಆದ್ರೆ ಖಾಲಿ ಕೋಣೆ ಮುಂದೆ ಹೋದ್ರೂ ಅಮ್ಮ ಬಾಗ್ಲು ಎಳ್ಕೊತಾಳೆ. ಗೊತ್ತಾಗ್ದೆ ಎಳ್ಕೊತಾಳೆ. ಆಮೇಲೆ ನನ್ ಮುಖ ನೋಡಲ್ಲ.”

ನಾನು ಏನನ್ನು ತೆಗೆಸಲು ಹೋಗಿದ್ದೆ? ಅವಳು ಹೊರಲಾರದ ಆರೋಪವನ್ನೋ, ಅವಳಿಗೆ ಸಿಕ್ಕ ಬಿಡುವನ್ನೋ? ನಾನು ಗೆದ್ದು ಅವಳನ್ನು ಒಳಗೆ ಕಳಿಸಿದರೆ ನಾಳೆಯಿಂದ ಅವಳು ಮತ್ತೆ ಕತ್ತಲಲ್ಲಿ ಎದ್ದು ಸೊಪ್ಪು ಕೊಯ್ಯುತ್ತಾಳೆ. ಸೋತರೆ ಅಮ್ಮ ಬಾಗಿಲು ಎಳೆದುಕೊಳ್ಳುತ್ತಲೇ ಇರುತ್ತಾರೆ. ಪರವೂ ಇಲ್ಲ, ವಿರೋಧವೂ ಇಲ್ಲ, ಚೀಟಿಯಲ್ಲಿ ಏನು ಬರೆದಿದೆಯೋ ಓದಲಾಗದ ಹಾಗಾಯಿತು.

ಆಗ, ಆ ಧೂಳಿನ ರಸ್ತೆಯಲ್ಲಿ, ಗೋಡೆಯ ಮೇಲಿದ್ದ ಚಾರ್ಟು ನನಗೆ ಮೊದಲ ಸಲ ಸರಿಯಾಗಿ ಕಂಡಿತು. ಹೊರಗಿನವರನ್ನು ಬಿಡಬಾರದು ಎನ್ನುವ ಸಾಲು ಇರಬೇಕಾಗಿದ್ದ ಜಾಗದಲ್ಲಿ ‘ಒಮ್ಮೆ ಬಂದು ಕೇಳಿ’ ಇತ್ತು. ಉಳಿದ ಸಾಲುಗಳು ಹೋದದ್ದು ತರಗತಿಯ ಕೈಗಳಿಂದ. ಅದೊಂದು ಸಾಲಿಗೆ ಮಾತ್ರ ನಾನು ಇರಲಿ ಎಂದಿದ್ದೆ, ಅವಳು ಹ್ಞೂ ಎಂದಿದ್ದಳು. ಒಬ್ಬಳೇ ಕೂತು ಚಾರ್ಟಿಗೆ ಇಳಿಸುವಾಗ ಅದು ಹೋಗಿತ್ತು. ಮರೆತಿರಬಹುದು. ಚೆನ್ನಾಗಿ ಮುಗಿಯಲಿ ಎಂದು ಬದಲಿಸಿರಬಹುದು, ನಾನು ಕಲಿಸಿದ್ದೇ ಅದನ್ನಲ್ಲವೇ? ನೆಂಟರಿಲ್ಲದ ಮನೆಗೆ ಒಮ್ಮೆಯಾದರೂ ಜನ ತುಂಬಲಿ ಎಂದಿರಬಹುದು. ಸೊಪ್ಪಿನ ಕೆಲಸ ತಪ್ಪಿದ್ದರ ಬಗ್ಗೆ ಅವಳಾಡಿದ ಮಾತು ನೆನಪಾಗಿ ಇನ್ನೊಂದು ಸಾಧ್ಯತೆಯೂ ತಲೆಯಲ್ಲಿ ಸುಳಿಯಿತು. ಅದನ್ನು ಪೂರ್ತಿ ಯೋಚಿಸಲು ನನಗೆ ಧೈರ್ಯ ಬರಲಿಲ್ಲ, ಬಿಡಲೂ ಆಗಲಿಲ್ಲ.

ಬಸ್ಸು ತಿರುವಿನಲ್ಲಿ ಕಾಣಿಸಿತು. ಅವಳು ಕೈ ಅಡ್ಡ ಹಿಡಿದು ನಿಲ್ಲಿಸಿದಳು. ನಾನು ಮೆಟ್ಟಿಲ ಮೇಲೆ ಕಾಲಿಟ್ಟು, ಕಂಬಿ ಹಿಡಿದು, ಕಂಡಕ್ಟರು “ಒಳಗ್ ನಡೀರಮ್ಮ” ಎನ್ನುತ್ತಿದ್ದರೂ ತಿರುಗಿ ಕೇಳಿದೆ:

“ಒಂದೇ ಒಂದು ಹೇಳೇ, ನಾನ್ಯಾರಿಗೂ ಹೇಳಲ್ಲ. ‘ಒಮ್ಮೆ ಬಂದು ಕೇಳಿ’ ಅಂತ ಬರೀವಾಗ, ನಾವು ಬಂದ್ರೆ ಏನಾಗ್ಬೋದು ಅಂತ ನಿಂಗೆ ಗೊತ್ತಿತ್ತಾ?”